ಆಲ್ಕೋಹಾಲಿನ ನೀರು ತೆಗೆಯುವ ಪಿವಿಎ ಪೊರೆ ಘಟಕ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ತಿಣುಕುತ್ತದೆ

ಪರ್ವೇಪರೇಶನ್ ಘಟಕ, ಅಂದರೆ ದ್ರವದ ಒಂದು ಪಾಲನ್ನು ಪೊರೆಯ ಮೂಲಕ ಆವಿಯಾಗಿ ಎಳೆದು ಬೇರ್ಪಡಿಸುವ ಯಂತ್ರ, ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಪೊರೆ ಎಷ್ಟು ಚದರ ಮೀಟರ್ ಇದೆ ಎಂಬುದು. ಮೊದಲು ಕೇಳಬೇಕಾದದ್ದು, ಆ ಆವಿಯನ್ನು ತಣಿಸಿ ದ್ರವವಾಗಿಸುವ ಕಂಡೆನ್ಸರ್ ಎಷ್ಟು ತಣ್ಣಗಿರುತ್ತದೆ ಎಂದು. ಪೊರೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡು ಹೋಗುತ್ತದೆ. ಘಟಕ ಸೋಲುವುದು ಅದರ ಹಿಂದಿರುವ ನಿರ್ವಾತದಲ್ಲಿ, ಇಲ್ಲವೇ ಮುಂದಿನಿಂದ ಬರುವ ಫೀಡಿನ, ಅಂದರೆ ಒಣಗಿಸಬೇಕಾದ ಆಲ್ಕೋಹಾಲಿನ, ಕೊಳಕಿನಲ್ಲಿ. ಈ ವಿಮರ್ಶೆಯ ತೀರ್ಪು ಇಷ್ಟೇ: ಶೇ. 10ರಿಂದ ಶೇ. 0.5ರವರೆಗೆ ನೀರು ಇಳಿಸಲು ಇದು ಒಳ್ಳೆಯ ಯಂತ್ರ. ಶೇ. 0.1ಕ್ಕಿಂತ ಕೆಳಗೆ ಹೋಗಬೇಕಿದ್ದರೆ ಹಣ ಸುರಿಯುವ ಮುನ್ನ ಎರಡು ಸಲ ಲೆಕ್ಕ ಹಾಕಿ.

ಇಲ್ಲಿ ನೋಡುತ್ತಿರುವುದು ಪ್ಲೇಟ್-ಫ್ರೇಮ್ ಮಾದರಿಯ ಘಟಕ. ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳ ನಡುವೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಎಂಬ ಪಾಲಿಮರಿನ ಪೊರೆಯ ಹಾಳೆಗಳನ್ನು ಜೋಡಿಸಿ, ಇಡೀ ಅಟ್ಟಿಯನ್ನು ಒಂದು ನಿರ್ವಾತ ಪಾತ್ರೆಯೊಳಗೆ ಕೂರಿಸಿರುತ್ತಾರೆ. ಜೊತೆಗೆ ಫೀಡ್ ಪಂಪು, ಹೀಟರುಗಳು, ಕಂಡೆನ್ಸರ್, ಚಿಲ್ಲರ್, ವ್ಯಾಕ್ಯೂಮ್ ಪಂಪು. ತಯಾರಕರು ಹಲವರಿದ್ದರೂ ಒಳಗಿನ ಕಟ್ಟಡ ಹೆಚ್ಚುಕಡಿಮೆ ಒಂದೇ, ಹಾಗಾಗಿ ಮಾತು ಈ ಮಾದರಿಗೆಲ್ಲ ಅನ್ವಯಿಸುತ್ತದೆ.

ಇದು ಯಾಕೆ ಬೇಕು

ಎಥನಾಲ್ ಮತ್ತು ನೀರಿನ ಮಿಶ್ರಣವನ್ನು ವಾಯುಭಾರ ಒತ್ತಡದಲ್ಲಿ ಎಷ್ಟೇ ಎತ್ತರದ ಕಾಲಮ್ಮಿನಲ್ಲಿ ಬಟ್ಟಿ ಇಳಿಸಿದರೂ ತೂಕದಲ್ಲಿ ಶೇ. 95.6ರ ಹತ್ತಿರ ನಿಂತುಬಿಡುತ್ತದೆ. 78.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವದಲ್ಲಿರುವ ಪ್ರಮಾಣವೇ ಆವಿಯಲ್ಲೂ ಇರುತ್ತದೆ, ಬೇರೆಯಾಗಲು ಕಾರಣವೇ ಉಳಿಯುವುದಿಲ್ಲ. ಇದೇ ಅಜಿಯೋಟ್ರೋಪ್. ಐಸೊಪ್ರೊಪೈಲ್ ಆಲ್ಕೋಹಾಲಿನ ಪಾಡು ಇನ್ನೂ ಕಷ್ಟ: ಶೇ. 88ರ ಆಸುಪಾಸಿನಲ್ಲೇ, ಸುಮಾರು 80.4 ಡಿಗ್ರಿಗೆ ಸಿಕ್ಕಿಕೊಳ್ಳುತ್ತದೆ.

ಹಳೆಯ ದಾರಿ ಎಂದರೆ ಬೆಂಜೀನ್ ಅಥವಾ ಸೈಕ್ಲೊಹೆಕ್ಸೇನ್ ಬೆರೆಸಿ ಮತ್ತೆ ಬಟ್ಟಿ ಇಳಿಸುವುದು. ಬೆಂಜೀನ್ ಕ್ಯಾನ್ಸರ್‌ಕಾರಕ. ಸೈಕ್ಲೊಹೆಕ್ಸೇನ್ ಅಷ್ಟು ಕೆಟ್ಟದ್ದಲ್ಲದಿದ್ದರೂ ಅದರ ಕುರುಹು ಉತ್ಪನ್ನದಲ್ಲಿ ಉಳಿಯುತ್ತದೆ. ಇನ್ನೊಂದು ದಾರಿ 3ಎ ಮಾಲಿಕ್ಯುಲರ್ ಸೀವ್: 3 ಆಂಗ್‌ಸ್ಟ್ರಾಮ್ ರಂಧ್ರದ ಕಾಳುಗಳು ನೀರನ್ನು ಒಳಗೆ ಬಿಟ್ಟುಕೊಂಡು ಆಲ್ಕೋಹಾಲನ್ನು ಹೊರಗೇ ನಿಲ್ಲಿಸುತ್ತವೆ. ದೊಡ್ಡ ಇಂಧನ ಎಥನಾಲ್ ಸ್ಥಾವರಗಳಲ್ಲಿ ಇದರದ್ದೇ ರಾಜ್ಯಭಾರ, ಅದಕ್ಕೆ ಕಾರಣವೂ ಇದೆ. ಆದರೆ ಕಾಳುಗಳನ್ನು ಒಣಗಿಸಲು ಒಣ ಆಲ್ಕೋಹಾಲಿನ ಒಂದು ಪಾಲನ್ನೇ ಹಾಯಿಸಿ, ಅದನ್ನು ಮತ್ತೆ ಕಾಲಮ್ಮಿಗೆ ಕಳಿಸಬೇಕು. ಹಿಂದೆ ಕಾಲಮ್ಮು ಇಲ್ಲದ ಕಡೆ ಅದು ತಲೆನೋವು.

ಪೊರೆ ಘಟಕಕ್ಕೆ ಬೆರಕೆ ದ್ರವವೂ ಬೇಡ, ಹಿಂದೆ ಸದಾ ಓಡುವ ಕಾಲಮ್ಮೂ ಬೇಡ. ಇಂದು ಎಥನಾಲ್, ನಾಳೆ ಐಸೊಪ್ರೊಪೈಲ್, ನಾಡಿದ್ದು ಇನ್ನೊಂದು ಎಂದು ಬ್ಯಾಚಿನಲ್ಲಿ ದ್ರಾವಕ ಮರುಬಳಸುವ ಔಷಧ ಕಾರ್ಖಾನೆಗಳಿಗೆ ಇದು ಒಗ್ಗುವುದು ಅದಕ್ಕೇ.

ತತ್ವ ಹೊಸದಲ್ಲ. ಕೊಲೋಡಿಯನ್ (ನೈಟ್ರೋಸೆಲ್ಯುಲೋಸಿನ ತೆಳು ಪೊರೆ) ಚೀಲದೊಳಗಿನ ದ್ರವ, ಚೀಲದ ಬಾಯಿ ಬಿಗಿಯಾಗಿ ಕಟ್ಟಿದ್ದರೂ ಆವಿಯಾಗಿ ಹೋಗುವುದನ್ನು ರಸಾಯನಶಾಸ್ತ್ರಜ್ಞ ಕೋಬರ್ 1917ರಲ್ಲಿ ವರದಿ ಮಾಡಿ ಪರ್ವೇಪರೇಶನ್ ಎಂಬ ಹೆಸರನ್ನು ಕೊಟ್ಟರು. ಉದ್ಯಮಕ್ಕೆ ಬಂದದ್ದು 1980ರ ದಶಕದಲ್ಲಿ, ಜರ್ಮನಿಯ ಜಿಎಫ್‌ಟಿ ಕಂಪನಿಯ ಪಿವಿಎ ಪೊರೆಯ ಮೂಲಕ. 1988ರಲ್ಲಿ ಫ್ರಾನ್ಸಿನ ಬೆಥೆನಿವಿಲ್‌ನಲ್ಲಿ ದಿನಕ್ಕೆ 1,50,000 ಲೀಟರ್ ಎಥನಾಲ್ ಒಣಗಿಸುವ ಸ್ಥಾವರ ಶುರುವಾಯಿತು. ಇಂದಿಗೂ ಮಾರುಕಟ್ಟೆಯಲ್ಲಿರುವ ಬಹುಪಾಲು ಪಾಲಿಮರ್ ಪೊರೆ ಅದೇ ವಂಶದ್ದು.

ಪೊರೆಯ ಒಳಗೆ

ಹಾಳೆಯಲ್ಲಿ ಮೂರು ಪದರ. ಕೆಳಗೆ ಸುಮಾರು 100 ಮೈಕ್ರಾನಿನ ನೇಯದ ಬಟ್ಟೆ. ಅದರ ಮೇಲೆ ಹೆಚ್ಚುಕಡಿಮೆ ಅಷ್ಟೇ ದಪ್ಪದ, ರಂಧ್ರಗಳಿರುವ ಪಾಲಿಅಕ್ರಿಲೊನೈಟ್ರೈಲ್, ಅಂದರೆ ಪ್ಯಾನ್. ಎಲ್ಲಕ್ಕಿಂತ ಮೇಲೆ 0.5ರಿಂದ 2 ಮೈಕ್ರಾನಿನ ಪಾಲಿವಿನೈಲ್ ಆಲ್ಕೋಹಾಲ್. ಬೇರ್ಪಡಿಸುವ ಕೆಲಸವೆಲ್ಲ ಈ ಕೊನೆಯ ಪದರದ್ದು, ಉಳಿದೆರಡು ಅದನ್ನು ಹೊತ್ತು ನಿಲ್ಲಲು ಮಾತ್ರ.

ಇದು ಜರಡಿಯಲ್ಲ, ಪಿವಿಎ ಪದರದಲ್ಲಿ ತೂತುಗಳೇ ಇಲ್ಲ. ನೀರಿನ ಅಣು ಪೊರೆಯೊಳಗೆ ಕರಗಿ, ಪಾಲಿಮರ್ ಸರಪಣಿಗಳ ನಡುವೆ ನುಸುಳಿ, ಆಚೆ ಬದಿಯ ನಿರ್ವಾತದಲ್ಲಿ ಆವಿಯಾಗಿ ಹೊರಡುತ್ತದೆ. ಪಿವಿಎಯ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿರುವುದರಿಂದ ಅದಕ್ಕೆ ಆಲ್ಕೋಹಾಲಿಗಿಂತ ನೀರಿನ ಮೇಲೆ ಮೋಹ ಜಾಸ್ತಿ. ಮೋಹ ಹೆಚ್ಚಾದರೂ ಕಷ್ಟವೇ: ಅಡ್ಡಬಂಧ ಹಾಕದ ಪಿವಿಎ ಬಿಸಿನೀರಿನಲ್ಲಿ ಕರಗಿಯೇ ಹೋಗುತ್ತದೆ. ಅದಕ್ಕೆ ಗ್ಲುಟರಾಲ್ಡಿಹೈಡ್, ಮಲೆಯಿಕ್ ಆಮ್ಲದಂಥವುಗಳಿಂದ ಸರಪಣಿಗಳನ್ನು ಒಂದಕ್ಕೊಂದು ಕಟ್ಟುತ್ತಾರೆ. ಬಂಧ ಸಡಿಲವಾಗಿದ್ದರೆ ಹರಿವು ಹೆಚ್ಚು, ಆಯ್ಕೆ (ನೀರನ್ನಷ್ಟೇ ದಾಟಿಸುವ ಗುಣ) ಕಡಿಮೆ. ಬಿಗಿಯಾದರೆ ಅದರ ತಿರುಗುಮುರುಗು. ಕ್ಯಾಟಲಾಗಿನಲ್ಲಿ ಒಂದೇ ಕಂಪನಿಯ ನಾಲ್ಕೈದು ನಂಬರಿನ ಪೊರೆಗಳು ಕಂಡರೆ ವ್ಯತ್ಯಾಸ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ನೀರು ಹೆಚ್ಚಿರುವ ಫೀಡಿಗೆ ಒಂದು, ಕೊನೆಯ ಒಣಗಿಸುವಿಕೆಗೆ ಇನ್ನೊಂದು. ಮಾರಾಟಗಾರ ಎರಡಕ್ಕೂ ಒಂದೇ ಸಾಕು ಎಂದರೆ ನಂಬಬೇಡಿ.

ಪಿಡಿಎಮ್‌ಎಸ್ ಎಂಬ ಸಿಲಿಕೋನ್ ರಬ್ಬರಿನ ಪೊರೆ ಇದಕ್ಕೆ ಉಲ್ಟಾ. ಅದು ಆಲ್ಕೋಹಾಲನ್ನು ದಾಟಿಸಿ ನೀರನ್ನು ಹಿಂದೆ ಬಿಡುತ್ತದೆ, ಹುದುಗಿದ ತೆಳು ದ್ರವಕ್ಕೆ ಸರಿ. ಎರಡನ್ನೂ ಪರ್ವೇಪರೇಶನ್ ಪೊರೆ ಎಂದೇ ಮಾರುತ್ತಾರೆ, ಆರ್ಡರ್ ಕೊಡುವಾಗ ಹುಷಾರು.

ಅಳತೆಯ ಲೆಕ್ಕ

ಗಂಟೆಗೆ 100 ಕಿಲೋ ಫೀಡು, ತೂಕದಲ್ಲಿ ಶೇ. 94 ಎಥನಾಲ್. ಅದನ್ನು ಶೇ. 99.5ಕ್ಕೆ ಏರಿಸಬೇಕು. ಪೊರೆ ದಾಟಿ ಬಂದ ಪರ್ಮಿಯೇಟಿನಲ್ಲಿ ಸರಾಸರಿ ಶೇ. 85 ನೀರು ಎಂದು ಹಿಡಿದರೆ, ಗಂಟೆಗೆ 6.5 ಕಿಲೋ ಪರ್ಮಿಯೇಟ್ ಬರುತ್ತದೆ. ಅದರಲ್ಲಿ ಸುಮಾರು 5.5 ಕಿಲೋ ನೀರು, 1 ಕಿಲೋ ಎಥನಾಲ್. ಸರಾಸರಿ ಹರಿವು ಗಂಟೆಗೆ ಚದರ ಮೀಟರಿಗೆ 0.25 ಕಿಲೋ ಇದ್ದರೆ 26 ಚದರ ಮೀಟರ್ ಪೊರೆ ಬೇಕು.

ಈ 'ಸರಾಸರಿ' ಎಂಬ ಮಾತಿನಲ್ಲೇ ಎಲ್ಲ ಅಡಗಿದೆ. ಕಡಿಮೆ ನೀರಿನ ಭಾಗದಲ್ಲಿ ಹರಿವು, ಫೀಡಿನಲ್ಲಿ ಉಳಿದಿರುವ ನೀರಿಗೆ ಹೆಚ್ಚುಕಡಿಮೆ ಅನುಪಾತದಲ್ಲಿ ಇಳಿಯುತ್ತದೆ. ಹಾಗಾಗಿ ನೀರನ್ನು ಅರ್ಧಕ್ಕೆ ಇಳಿಸಲು ಪ್ರತಿ ಸಲವೂ ಅಷ್ಟೇ ಪೊರೆ ಬೇಕು. ಶೇ. 6ರಿಂದ 3ಕ್ಕೆ ಇಳಿಸಿದಾಗ 3 ಕಿಲೋ ನೀರು ಹೋಯಿತು. ಶೇ. 0.75ರಿಂದ 0.375ಕ್ಕೆ ಇಳಿಸಲು ಅಷ್ಟೇ ಜಾಗ ತಗುಲಿತು, ಹೋದದ್ದು ಬರೀ 375 ಗ್ರಾಂ. ಶೇ. 0.5ರಿಂದ 0.1ಕ್ಕೆ ಹೋಗಬೇಕೆಂದರೆ ಇಂಥ ಎರಡೂಕಾಲು ಅರ್ಧಗಳು. ಇದ್ದ ಪೊರೆಯ ಮೇಲೆ ಅರ್ಧಕ್ಕಿಂತ ಹೆಚ್ಚು ಸೇರಿಸಿ ತೆಗೆದದ್ದು ಗಂಟೆಗೆ 400 ಗ್ರಾಂ ನೀರು, ಗುಡ್ಡ ಅಗೆದು ಇಲಿ ಹಿಡಿದಂತೆ. ಬ್ಯಾಚ್ ಘಟಕದಲ್ಲೂ ಇದೇ ಗಣಿತ, ಚದರ ಮೀಟರಿನ ಜಾಗದಲ್ಲಿ ಗಂಟೆಗಳನ್ನು ಹಾಕಿಕೊಳ್ಳಿ.

ನಿಜದಲ್ಲಿ ಇದಕ್ಕಿಂತಲೂ ಕೆಟ್ಟದಾಗಿರುತ್ತದೆ. ನೀರಿನ ಹರಿವು ಕುಸಿದರೂ ಎಥನಾಲಿನ ಹರಿವು ಅಷ್ಟಾಗಿ ಕುಸಿಯುವುದಿಲ್ಲ. ಆರಂಭದ ಹಂತದಲ್ಲಿ ಪರ್ಮಿಯೇಟ್ ಬಹುಪಾಲು ನೀರಾಗಿದ್ದರೆ, ಕೊನೆಯ ಹಂತದಲ್ಲಿ ಅದರಲ್ಲಿ ಎಥನಾಲಿನ ಪಾಲು ಏರುತ್ತಾ ಹೋಗುತ್ತದೆ. ಅದನ್ನು ಬಿಸಾಡುವಂತಿಲ್ಲ, ಮತ್ತೆ ಬಟ್ಟಿಗೆ ಕಳಿಸಬೇಕು.

ನಿರ್ವಾತ ಮತ್ತು ಕಂಡೆನ್ಸರ್

ಪೊರೆಯ ಈಚೆ, ಫೀಡ್ ಬದಿಯಲ್ಲಿ ನೀರಿನ ಆಂಶಿಕ ಒತ್ತಡ (ಒಟ್ಟು ಆವಿಯೊತ್ತಡದಲ್ಲಿ ನೀರಿನ ಪಾಲು) ಎಷ್ಟು, ಆಚೆ ನಿರ್ವಾತದ ಬದಿಯಲ್ಲಿ ಎಷ್ಟು ಎಂಬ ವ್ಯತ್ಯಾಸವೇ ನೀರನ್ನು ದೂಡುವ ಬಲ. 90 ಡಿಗ್ರಿಯಲ್ಲಿರುವ ಎಥನಾಲಿನಲ್ಲಿ ಶೇ. 10 ನೀರಿದ್ದರೆ ಈಚೆ ಬದಿಯಲ್ಲಿ ಅದರ ಒತ್ತಡ ಸುಮಾರು 320 ಮಿಲಿಬಾರ್. ಆಚೆ 20 ಇದ್ದರೂ 30 ಇದ್ದರೂ ಫರಕು ತಿಳಿಯದು. ಶೇ. 1ಕ್ಕೆ ಬಂದಾಗ ಅದು 45ರ ಹತ್ತಿರ. ಶೇ. 0.5ರಲ್ಲಿ 22. ಈಗ ಆಚೆ ಬದಿಯಲ್ಲೂ 20 ಮಿಲಿಬಾರ್ ನೀರಾವಿ ನಿಂತಿದ್ದರೆ ಪೊರೆ ಇದ್ದೂ ಇಲ್ಲದಂತೆ, ಇನ್ನೂ ನೂರು ಚದರ ಮೀಟರ್ ಸೇರಿಸಿದರೂ ನೀರು ಇಳಿಯದು. ಶೇ. 0.1ರಲ್ಲಿ ಬಲ 4ರಿಂದ 5 ಮಿಲಿಬಾರ್ ಮಾತ್ರ.

ಆ ಒತ್ತಡವನ್ನು ನಿರ್ಧರಿಸುವುದು ಪಂಪಲ್ಲ, ಕಂಡೆನ್ಸರ್. ನೀರಿನ ಆವಿಯೊತ್ತಡ 30 ಡಿಗ್ರಿಯಲ್ಲಿ 42 ಮಿಲಿಬಾರ್, 20 ಡಿಗ್ರಿಯಲ್ಲಿ 23, 10ರಲ್ಲಿ 12, 5ರಲ್ಲಿ 9ಕ್ಕಿಂತ ತುಸು ಕಡಿಮೆ. ಕೂಲಿಂಗ್ ಟವರ್ ನೀರಿನಿಂದ ಈ ಕೆಲಸ ಆಗದೆಂಬುದು ಈ ಅಂಕಿಗಳಲ್ಲೇ ಕಾಣುತ್ತದೆ. ಚಿಲ್ಲರ್ ಬೇಕೇ ಬೇಕು, ಗ್ಲೈಕಾಲ್ ತುಂಬಿದ್ದು. ಪರ್ಮಿಯೇಟಿನಲ್ಲಿ ಎಥನಾಲ್ ಹೆಚ್ಚಾದಂತೆ ಇನ್ನಷ್ಟು ತಣ್ಣಗೆ ಬೇಕಾಗುತ್ತದೆ, ಏಕೆಂದರೆ ಶುದ್ಧ ಎಥನಾಲಿನ ಆವಿಯೊತ್ತಡ 5 ಡಿಗ್ರಿಯಲ್ಲೂ 22 ಮಿಲಿಬಾರ್ ಇರುತ್ತದೆ.

ಇಲ್ಲೊಂದು ಜಾಣತನದ ವ್ಯವಸ್ಥೆ ಇದೆ, ಕೊಟೇಶನ್ನಿನಲ್ಲಿ ಕೇಳಿ ಪಡೆಯಿರಿ: ಎರಡು ಕಂಡೆನ್ಸರ್. ಮೊದಲ ಹಂತಗಳ ಪರ್ಮಿಯೇಟ್ ಬಹುಪಾಲು ನೀರಾದ್ದರಿಂದ ಅದಕ್ಕೆ 5 ಡಿಗ್ರಿ ಸಾಕು, ಸೊನ್ನೆಗಿಂತ ಕೆಳಗಿಳಿಸಿದರೆ ಕೊಳವೆಗಳ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಕೊನೆಯ ಹಂತಕ್ಕೆ ಬೇರೆ ಕಂಡೆನ್ಸರ್, ಮೈನಸ್ 10 ಡಿಗ್ರಿಯ ಹತ್ತಿರ. ಅಲ್ಲಿಯ ಪರ್ಮಿಯೇಟಿನಲ್ಲಿ ಸಾಕಷ್ಟು ಎಥನಾಲ್ ಇರುವುದರಿಂದ ಹೆಪ್ಪುಗಟ್ಟುವುದಿಲ್ಲ. ಒಂದೇ ಕಂಡೆನ್ಸರಿನಲ್ಲಿ ಎರಡನ್ನೂ ಸುಧಾರಿಸುವ ಘಟಕಗಳು ಅಗ್ಗ, ಆದರೆ ಶೇ. 99.5ರ ಹತ್ತಿರ ಬಂದಾಗ ಕುಂಟುತ್ತವೆ.

ಪೈಪಿನ ಅಳತೆಯಲ್ಲಿ ಮಾಡುವ ಉಳಿತಾಯ ಇನ್ನೊಂದು ಮೋಸ. 10 ಮಿಲಿಬಾರ್, 60 ಡಿಗ್ರಿಯಲ್ಲಿ ಒಂದು ಕಿಲೋ ನೀರು 150 ಘನ ಮೀಟರಿಗೂ ಹೆಚ್ಚು ಆವಿಯಾಗಿ ಹಿಗ್ಗುತ್ತದೆ. ಮೇಲಿನ ಲೆಕ್ಕದ 6.5 ಕಿಲೋ ಪರ್ಮಿಯೇಟ್ ಎಂದರೆ ಗಂಟೆಗೆ ಸುಮಾರು 900 ಘನ ಮೀಟರ್. 50 ಮಿಲಿಮೀಟರ್ ಪೈಪಿನಲ್ಲಿ ಅದು ಸೆಕೆಂಡಿಗೆ 130 ಮೀಟರಿನ ವೇಗದಲ್ಲಿ ಓಡಬೇಕು. 150 ಮಿಲಿಮೀಟರ್ ಪೈಪಾದರೆ 14 ಮೀಟರ್. ಒಂದೆರಡು ಮಿಲಿಬಾರಿನ ಒತ್ತಡ ನಷ್ಟವೂ ದುಬಾರಿಯಾದ ಈ ಜಾಗದಲ್ಲಿ ಸಣ್ಣ ಪೈಪು, ಮೇಲೆ ಎರಡು ಮೊಣಕೈ ಬೆಂಡು ಕಂಡರೆ ವಿನ್ಯಾಸ ಮಾಡಿದವರಿಗೆ ನಿರ್ವಾತದ ಪರಿಚಯವಿಲ್ಲ ಎಂದೇ ಅರ್ಥ. ಕಂಡೆನ್ಸರನ್ನು ಪೊರೆಯಿರುವ ಪಾತ್ರೆಯೊಳಗೇ ಕೂರಿಸಿದ ಮಾದರಿಗಳು ಈ ವಿಷಯದಲ್ಲಿ ಎಲ್ಲಕ್ಕಿಂತ ಉತ್ತಮ. ಸ್ಪೈರಲ್ ಸುತ್ತಿನ ಮಾಡ್ಯೂಲಿನಲ್ಲಿ ಆವಿ ಉದ್ದದ ಕಿರುದಾರಿಯಲ್ಲಿ ತಿರುಗಿ ಬರಬೇಕು, ಅಂಟಿನ ಅಂಚುಗಳಿಗೆ ಬಿಸಿ ದ್ರಾವಕದ ಕಾಟ ಬೇರೆ. ಅಗ್ಗವಾಗಿ ಸಿಕ್ಕರೂ ಕೊನೆಯ ಹಂತಕ್ಕೆ ಅದು ಬೇಡ.

ವ್ಯಾಕ್ಯೂಮ್ ಪಂಪಿಗೆ ಉಳಿಯುವುದು ಒಳನುಸುಳಿದ ಗಾಳಿ ಮತ್ತು ಅಳಿದುಳಿದ ಆವಿ ಮಾತ್ರ. ಒಣ ಸ್ಕ್ರೂ ಪಂಪ್ ಒಳ್ಳೆಯದು. ನೀರು ತುಂಬಿದ ಲಿಕ್ವಿಡ್ ರಿಂಗ್ ಪಂಪಿಗೆ ಅದರ ನೀರೇ ಅಡ್ಡಿ: ನೀರು 30 ಡಿಗ್ರಿ ಇದ್ದರೆ 42 ಮಿಲಿಬಾರಿಗಿಂತ ಕೆಳಗೆ ಹೋಗಲಾರದು.

ಬಿಸಿ ಎಲ್ಲಿ ಸೋರಿಹೋಗುತ್ತದೆ

ಪೊರೆ ದಾಟುವಾಗ ನೀರು ಆವಿಯಾಗಬೇಕು, ಅದಕ್ಕೆ ಬೇಕಾದ ಶಾಖ ಫೀಡಿನದ್ದೇ. ಒಂದು ಕಿಲೋ ನೀರಿಗೆ ಸುಮಾರು 2,300 ಕಿಲೋಜೂಲ್. 100 ಕಿಲೋ ಬಿಸಿ ಎಥನಾಲಿನಿಂದ ಒಂದು ಕಿಲೋ ನೀರು ತೆಗೆದರೆ ದ್ರವ 7ರಿಂದ 8 ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಉದಾಹರಣೆಯಲ್ಲಿ ನಡುವೆ ಬಿಸಿ ಮಾಡದಿದ್ದರೆ ಒಟ್ಟು ಇಳಿಕೆ 45 ಡಿಗ್ರಿ ಮೀರುತ್ತದೆ.

ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. 95ರಿಂದ 85ಕ್ಕೆ ಇಳಿದರೆ ನೀರಿನ ಆವಿಯೊತ್ತಡ 845ರಿಂದ 578 ಮಿಲಿಬಾರಿಗೆ ಬೀಳುತ್ತದೆ. ಹರಿವಿನಲ್ಲಿ ಮೂರನೇ ಒಂದು ಭಾಗ ಹೋದಂತೆಯೇ. ಆದ್ದರಿಂದ ಪೊರೆಯನ್ನು ನಾಲ್ಕೈದು ಹಂತಗಳಾಗಿ ಒಡೆದು ಪ್ರತಿ ಹಂತದ ಮುಂದೆ ಹೀಟರ್ ಇಡಬೇಕು. ಒಳ್ಳೆಯ ವಿನ್ಯಾಸದಲ್ಲಿ ಮೊದಲ ಹಂತಗಳು ಚಿಕ್ಕವು, ಕೊನೆಯವು ದೊಡ್ಡವು. ನೀರು ಹೆಚ್ಚು ಹೊರಬೀಳುವುದು ಮೊದಲಲ್ಲಿ, ಶಾಖ ಬೇಗ ಹೋಗುವುದೂ ಅಲ್ಲೇ. ಎಲ್ಲ ಹಂತಗಳೂ ಒಂದೇ ಗಾತ್ರ ಎಂದರೆ ಡ್ರಾಯಿಂಗ್ ನಕಲು ಹೊಡೆದದ್ದಿರಬೇಕು.

ಬಿಸಿಯ ಒಟ್ಟು ಖರ್ಚು ಮಾತ್ರ ಹಿತವಾಗಿದೆ. ಈ ಉದಾಹರಣೆಗೆ ಪರ್ಮಿಯೇಟ್ ಆವಿಯಾಗಿಸಲು ಸುಮಾರು 4 ಕಿಲೋವ್ಯಾಟ್, ತಣಿಸಲೂ ಅಷ್ಟೇ. ಉಳಿದ 93 ಕಿಲೋ ಎಥನಾಲ್ ಆವಿಯಾಗುವ ಗೋಜಿಲ್ಲ. ಫೀಡನ್ನು ಮೊದಲು ಬಿಸಿ ಮಾಡುವ ಶಾಖವನ್ನು ಹೊರಬರುವ ಉತ್ಪನ್ನದಿಂದಲೇ ಬಹುಮಟ್ಟಿಗೆ ವಾಪಸ್ ಪಡೆಯಬಹುದು. ಬಟ್ಟಿ ಇಳಿಸುವಿಕೆ ಪೊರೆಯ ಮುಂದೆ ಮಂಕಾಗುವುದು ಈ ಜಾಗದಲ್ಲಿ.

ಫೀಡ್ ಬದಿಯ ಒತ್ತಡವನ್ನೂ ನೋಡಿಕೊಳ್ಳಬೇಕು. 95 ಡಿಗ್ರಿಯಲ್ಲಿ ಎಥನಾಲಿನ ಆವಿಯೊತ್ತಡ 1.9 ಬಾರಿನ ಆಸುಪಾಸು. ದ್ರವ ಹೊರಹೋಗುವ ಕಡೆಯ ವಾಲ್ವಿನಿಂದ ನಿರಪೇಕ್ಷ ಒತ್ತಡವನ್ನು 2.5ರಿಂದ 3 ಬಾರ್ ಹಿಡಿದಿಡದಿದ್ದರೆ ದ್ರವ ಪ್ಲೇಟುಗಳ ನಡುವೆಯೇ ಕುದಿಯುತ್ತದೆ, ಪೊರೆಯ ಅರ್ಧ ಭಾಗ ದ್ರವ ಕಾಣದೆ ಕೂರುತ್ತದೆ.

ಪೊರೆಯನ್ನು ಕೊಲ್ಲುವವು

ಕೆಲವು ವಿಷಗಳು ನೇರ. ಡಿಎಮ್‌ಎಫ್, ಡಿಎಮ್‌ಎಸ್‌ಒ ಎಂಬ ದ್ರಾವಕಗಳು ಪ್ಯಾನ್ ಪದರವನ್ನೇ ಕರಗಿಸುತ್ತವೆ. ಹಿಂದಿನ ಬ್ಯಾಚಿನ ಟ್ಯಾಂಕ್ ತೊಳೆಯದೆ ಉಳಿದ ಸ್ವಲ್ಪವೂ ಬಿಸಿಯಲ್ಲಿ ಅಪಾಯ. ದ್ರಾವಕ ಮರುಬಳಕೆಯ ಘಟಕಗಳಲ್ಲಿ ಇದೇ ಮೊದಲ ಶತ್ರು, ಮಾರಾಟದ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ.

ಆಮ್ಲಗಳ ಕೆಲಸ ನಿಧಾನ. ಅಡ್ಡಬಂಧಗಳನ್ನು ಬಿಡಿಸುತ್ತಾ ಹೋಗುತ್ತವೆ, ಪೊರೆ ಉಬ್ಬುತ್ತದೆ, ಹರಿವು ಏರುತ್ತದೆ. 'ಪೊರೆ ಈಗ ಇನ್ನೂ ಚೆನ್ನಾಗಿ ಓಡುತ್ತಿದೆ' ಎಂದು ಆಪರೇಟರ್ ಖುಷಿಪಡುವ ಹಂತ ಇದು. ಮೂರು ತಿಂಗಳ ನಂತರ ಪರ್ಮಿಯೇಟಿನಲ್ಲಿ ಅರ್ಧಕ್ಕರ್ಧ ಎಥನಾಲ್. ಹುದುಗಿಸಿದ ಎಥನಾಲಿನಲ್ಲಿ ಅಸಿಟಿಕ್ ಆಮ್ಲ, ಆಲ್ಡಿಹೈಡುಗಳು ಇದ್ದೇ ಇರುತ್ತವೆ, ಆದ್ದರಿಂದ ಒಮ್ಮೆ ಚೆನ್ನಾಗಿ ಬಟ್ಟಿ ಇಳಿಸಿದ ಫೀಡನ್ನೇ ಕೊಡಿ. ಕ್ಷಾರ ಹಾಕಿ ಆಮ್ಲ ಕಳೆಯುವ ಉಪಾಯವೂ ಅರ್ಧವೇ ಸರಿ: ಹುಟ್ಟುವ ಲವಣ ಆವಿಯಾಗುವುದಿಲ್ಲ, ನೀರು ಹೋದಂತೆ ಪೊರೆಯ ಮೇಲೆ ಬಿಳಿ ಹರಳಾಗಿ ಕೂರುತ್ತದೆ. ಕಳೆದ ಮೇಲೆ ಬಟ್ಟಿ ಇಳಿಸಿಯೇ ಕಳಿಸಬೇಕು.

ನೀರೇ ಇನ್ನೊಂದು ಶತ್ರು ಎಂದರೆ ವಿಚಿತ್ರ ಎನಿಸಬಹುದು. ಕೊನೆಯ ಒಣಗಿಸುವಿಕೆಗೆ ಮಾಡಿದ ಪೊರೆಗೆ ಶೇ. 30 ನೀರಿನ ಬಿಸಿ ಫೀಡು ಕೊಟ್ಟರೆ ಅದು ಉಬ್ಬಿ ಆಯ್ಕೆಯ ಗುಣವನ್ನೇ ಕಳೆದುಕೊಳ್ಳುತ್ತದೆ. ತೊಳೆಯಲು ಬರೀ ಬಿಸಿನೀರು ಹಾಯಿಸುವುದೂ ಅಷ್ಟೇ ತಪ್ಪು. ತೊಳೆಯುವುದಿದ್ದರೆ ತಣ್ಣನೆಯ ಆಲ್ಕೋಹಾಲಿನಲ್ಲಿ, ನೀರಿನ ಪಾಲು ತಯಾರಕರ ಮಿತಿಯೊಳಗೆ.

ತುಕ್ಕಿನ ಪುಡಿ, ಗ್ಯಾಸ್ಕೆಟ್ ಚೂರುಗಳು ಗೀಚುತ್ತವೆ. ಒಂದು ಮೈಕ್ರಾನಿನ ಪದರಕ್ಕೆ ಗೀರು ಬಿತ್ತೆಂದರೆ ಮುಗಿಯಿತು. ಫೀಡ್ ಸಾಲಿನಲ್ಲಿ 5 ಮೈಕ್ರಾನಿನ ಫಿಲ್ಟರ್ ಇರಲಿ, ಹೀಟರಿನ ನಂತರವೂ ಒಂದು. ಮಾಡ್ಯೂಲ್ ತೆರೆದಾಗ ಮೊದಲು ನೋಡಬೇಕಾದದ್ದು ಫೀಡ್ ಒಳಬರುವ ಮೂಲೆ: ಅಲ್ಲಿ ಬೀಸಣಿಗೆಯಂತೆ ಹರಡಿದ ಕಂದು ಗೆರೆಗಳು ಕಂಡರೆ ಅದಕ್ಕೂ ಮುಂಚಿನ ಪೈಪಿನಲ್ಲೆಲ್ಲೋ ಸಾದಾ ಉಕ್ಕಿನ ತುಂಡು ಸೇರಿಕೊಂಡಿದೆ.

ಎಲ್ಲಕ್ಕಿಂತ ಬೇಗ ಕೊಲ್ಲುವುದು ಹಿಮ್ಮುಖ ಒತ್ತಡ. ಪರ್ಮಿಯೇಟ್ ಬದಿಯ ಒತ್ತಡ ಫೀಡ್ ಬದಿಗಿಂತ ಒಂದು ಕ್ಷಣ ಹೆಚ್ಚಾದರೂ ಪಿವಿಎ ಪದರ ಕೆಳಗಿನ ಪದರದಿಂದ ಎದ್ದು ಬರುತ್ತದೆ.

ಸರಿಯಾಗಿ ನೋಡಿಕೊಂಡರೆ ಎರಡರಿಂದ ನಾಲ್ಕು ವರ್ಷ ಬಾಳಿಕೆ.

ಹಾಳೆ ಬದಲಿಸುವುದು

ಹಾಳೆಗೆ ಎರಡು ಮುಖ. ಬೆಳಕಿಗೆ ಓರೆಯಾಗಿ ಹಿಡಿದರೆ ಪಿವಿಎ ಬದಿ ಹೊಳೆಯುತ್ತದೆ, ಹಿಂಬದಿ ಬಟ್ಟೆಯಂತೆ ಮಾಸಲು. ಹೊಳೆಯುವ ಬದಿ ಫೀಡಿಗೆ. ಬರಿಗೈಯಲ್ಲಿ ಮುಟ್ಟಬೇಡಿ, ಪುಡಿ ಹಾಕದ ಕೈಗವಸು ಇರಲಿ. ಒಣಗಿದ ಪಿವಿಎ ಗಡುಸು, ಮಡಿಸಿದ ಕಡೆ ಬಿರುಕು ಬಿಡುತ್ತದೆ, ಹಾಗಾಗಿ ಇಬ್ಬರು ಅಂಚು ಹಿಡಿದು ಚಪ್ಪಟೆಯಾಗಿಯೇ ಇಳಿಸಬೇಕು. ಪ್ಲೇಟಿನ ಅಂಚಿನಲ್ಲಿ ಹಳೆ ಗ್ಯಾಸ್ಕೆಟಿನ ಚೂರು ಉಳಿದಿದ್ದರೆ ಅದು ಹಾಳೆಯ ಮೇಲೆ ಅಚ್ಚೊತ್ತಿ ಸೋರುವ ದಾರಿ ಮಾಡುತ್ತದೆ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ, ಚಾಕು ಬೇಡ. ಬೋಲ್ಟುಗಳನ್ನು ಎದುರುಬದುರಾಗಿ, ಮೂರು ಸುತ್ತಿನಲ್ಲಿ ಬಿಗಿಯಿರಿ. ಮೊದಲ ಸಲ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ. ಎಥನಾಲಿಗೆ ಇಪಿಡಿಎಮ್ ರಬ್ಬರಿನ ಗ್ಯಾಸ್ಕೆಟ್ ಸರಿ, ಹೈಡ್ರೊಕಾರ್ಬನ್ ಬೆರೆತ ಫೀಡಾದರೆ ಅದು ಉಬ್ಬಿಕೊಳ್ಳುತ್ತದೆ.

ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆ. ನಿರ್ವಾತ ಎಳೆದು, ವಾಲ್ವ್ ಮುಚ್ಚಿ, ಪ್ರತಿ ನಿಮಿಷ ಒತ್ತಡ ಬರೆದುಕೊಳ್ಳಿ. ಏರಿಕೆ ನೆಟ್ಟಗಿನ ಗೆರೆಯಲ್ಲಿ ಸಾಗಿದರೆ ಗಾಳಿ ನುಗ್ಗುತ್ತಿದೆ. ಮೊದಲು ಏರಿ ನಿಧಾನವಾಗಿ ಸಮತಟ್ಟಾದರೆ ಮೂಲೆಯಲ್ಲಿ ಉಳಿದ ದ್ರವ ಆವಿಯಾಗುತ್ತಿದೆ, ಅದಕ್ಕೆ ಬೋಲ್ಟು ತಿರುಗಿಸಬೇಕಿಲ್ಲ. 500 ಲೀಟರ್ ಪಾತ್ರೆಯಲ್ಲಿ ಹತ್ತು ನಿಮಿಷಕ್ಕೆ 1 ಮಿಲಿಬಾರ್ ಏರಿದರೆ ಗಂಟೆಗೆ 4 ಗ್ರಾಮಿಗಿಂತ ಕಡಿಮೆ ಗಾಳಿ ಎಂದರ್ಥ, ಅದನ್ನು ಸಹಿಸಬಹುದು. ಹತ್ತು ಮಿಲಿಬಾರ್ ಏರಿದರೆ ಮತ್ತೆ ಬಿಚ್ಚಿ.

ಓಡಿಸುವ ಕ್ರಮ

ಶುರುವಿನಲ್ಲಿ ಎರಡೂ ಬದಿಯಿಂದ ಗಾಳಿಯನ್ನು ಸಾರಜನಕದಿಂದ ಓಡಿಸಿ. ಫೀಡು ತುಂಬಿ ತಣ್ಣಗೆ ಸುತ್ತಿಸಿ, ಒತ್ತಡ ಏರಿಸಿ, ಕಂಡೆನ್ಸರ್ ತಣ್ಣಗಾದ ಮೇಲೆ ನಿರ್ವಾತ, ಕೊನೆಗೆ ನಿಧಾನವಾಗಿ ಬಿಸಿ. ನಿಲ್ಲಿಸುವಾಗ ಮೊದಲು ಬಿಸಿ ಆರಿಸಿ, ದ್ರವ 50 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಸುತ್ತಿಸುತ್ತಿರಿ. ಫೀಡ್ ಒತ್ತಡ ಇರುವಾಗಲೇ ನಿರ್ವಾತವನ್ನು ಸಾರಜನಕದಿಂದ ಬಿಡಿಸಿ, ಆಮೇಲೆ ಫೀಡ್ ಒತ್ತಡ ಇಳಿಸಿ. ಗಾಳಿಯಿಂದ ಬಿಡಿಸಿದರೆ ಎಥನಾಲ್ ಆವಿಯೊಂದಿಗೆ ಸೇರಿ ಸ್ಫೋಟಕ ಮಿಶ್ರಣವಾಗಬಹುದು. ಗಾಳಿಯಲ್ಲಿ ಎಥನಾಲ್ ಆವಿ ಪರಿಮಾಣದಲ್ಲಿ ಶೇ. 3.3ರಿಂದ 19ರವರೆಗೆ ಹೊತ್ತಿಕೊಳ್ಳುತ್ತದೆ. ಶುದ್ಧ ಎಥನಾಲಿನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ) ಕೂಡ 13 ಡಿಗ್ರಿಯ ಸುತ್ತ ಇರುವುದರಿಂದ ಕೋಣೆಯ ಉಷ್ಣಾಂಶದಲ್ಲೇ ಅಪಾಯ. ಮೋಟಾರು, ಸೆನ್ಸರುಗಳು ಸ್ಫೋಟನಿರೋಧಕ ಇರಬೇಕು, ಪೈಪುಗಳಿಗೆ ಅರ್ಥಿಂಗ್ ಕಡ್ಡಾಯ.

ದಿನನಿತ್ಯ ನೋಡಬೇಕಾದದ್ದು ಮೂರೇ ಅಂಕಿ: ನಿರ್ವಾತ, ಗಂಟೆಗೆ ಬರುವ ಪರ್ಮಿಯೇಟ್, ಅದರ ಸಾಂದ್ರತೆ. ನಿರ್ವಾತ ಕೆಟ್ಟು ಪರ್ಮಿಯೇಟ್ ಇಳಿದರೆ ಕಂಡೆನ್ಸರ್ ಅಥವಾ ಗಾಳಿ ಸೋರಿಕೆ. ನಿರ್ವಾತ ಸರಿಯಿದ್ದು ಪರ್ಮಿಯೇಟ್ ಮಾತ್ರ ಇಳಿದರೆ ಹೀಟರ್ ಅಥವಾ ಪೊರೆಯ ಮೇಲಿನ ಕೊಳೆ. ಪರ್ಮಿಯೇಟ್ ಒಮ್ಮೆಲೇ ಹೆಚ್ಚಾಗಿ ಸಾಂದ್ರತೆ ಬಿದ್ದರೆ ಹಾಳೆ ಹರಿದಿದೆ ಇಲ್ಲವೇ ಗ್ಯಾಸ್ಕೆಟ್ ಜಾರಿದೆ. ಅದೇ ಬದಲಾವಣೆ ತಿಂಗಳುಗಟ್ಟಲೆ ನಿಧಾನವಾಗಿ ಬಂದರೆ ಆಮ್ಲವನ್ನು ಅನುಮಾನಿಸಿ. 20 ಡಿಗ್ರಿಯಲ್ಲಿ ಶೇ. 10 ಎಥನಾಲ್ ಇರುವ ಪರ್ಮಿಯೇಟಿನ ಸಾಂದ್ರತೆ 0.982, ಶೇ. 20ಕ್ಕೆ 0.969, ಶೇ. 50ಕ್ಕೆ 0.914. ಸಾದಾ ಹೈಡ್ರೋಮೀಟರ್ ಸಾಕು.

ಉತ್ಪನ್ನಕ್ಕೆ ಹೈಡ್ರೋಮೀಟರ್ ಸಾಲದು, ಕುರುಹಿನಷ್ಟು ನೀರನ್ನೂ ಅಳೆಯುವ ಕಾರ್ಲ್ ಫಿಶರ್ ಟೈಟ್ರೇಶನ್ ಬೇಕು. ಮಾದರಿಯನ್ನು ತಣಿಸುವ ಸುರುಳಿಯ ಮೂಲಕ ತೆಗೆದು ಸಿರಿಂಜಿಗೆ ನೇರವಾಗಿ ಎಳೆಯಿರಿ, ಸಿರಿಂಜನ್ನು ಅದೇ ದ್ರವದಲ್ಲಿ ಮೂರು ಸಲ ತೊಳೆದು. ತೆರೆದ ಬೀಕರಿನಲ್ಲಿ ಕೊಂಡೊಯ್ದರೆ ದಾರಿಯಲ್ಲೇ ಗಾಳಿಯ ತೇವ ಹೀರಿಕೊಳ್ಳುತ್ತದೆ, ಆಮೇಲೆ ಪೊರೆಗೆ ಬೈದು ಫಲವಿಲ್ಲ.

ಯಾರು ಕೊಳ್ಳಬೇಕು

ಐಸೊಪ್ರೊಪೈಲ್ ಒಣಗಿಸುವವರಿಗೆ ಈ ಯಂತ್ರ ಹೇಳಿ ಮಾಡಿಸಿದ್ದು. ಅಜಿಯೋಟ್ರೋಪಿನಲ್ಲೇ ಶೇ. 12 ನೀರಿರುವುದರಿಂದ ಪೊರೆಗೆ ಒಳ್ಳೆಯ ದೂಡುವ ಬಲ ಸಿಗುತ್ತದೆ, ಐಸೊಪ್ರೊಪೈಲ್ ಅಣು ದೊಡ್ಡದಾದ್ದರಿಂದ ಎಥನಾಲಿಗಿಂತ ಕಡಿಮೆ ಸೋರುತ್ತದೆ. ಮಧ್ಯಮ ಗಾತ್ರದ ಎಥನಾಲ್ ಘಟಕಕ್ಕೂ ಸರಿ. ಮೆಥನಾಲಿಗೆ ಬೇಡ. ಅದಕ್ಕೆ ನೀರಿನೊಂದಿಗೆ ಅಜಿಯೋಟ್ರೋಪ್ ಇಲ್ಲ, ಕಾಲಮ್ಮೇ ಸಾಕು, ಮೇಲಾಗಿ ಆ ಪುಟ್ಟ ಅಣು ನೀರಿನ ಜೊತೆಗೇ ಪೊರೆ ದಾಟುತ್ತದೆ. ಕಾಲಮ್ಮು ಪಕ್ಕದಲ್ಲೇ ಓಡುತ್ತಿರುವ ದೊಡ್ಡ ಇಂಧನ ಎಥನಾಲ್ ಸ್ಥಾವರದವರು ಮಾಲಿಕ್ಯುಲರ್ ಸೀವಿನ ಜೊತೆ ಹೋಲಿಸಿಯೇ ನಿರ್ಧರಿಸಲಿ. ಕಾಲಮ್ಮಿನಿಂದ ಬರುವ ಆವಿಯನ್ನೇ ನೇರವಾಗಿ ಪೊರೆಗೆ ಕೊಡುವ ವೇಪರ್ ಪರ್ಮಿಯೇಶನ್ ಅಲ್ಲಿ ಇನ್ನೂ ಚೆಂದ: ನಡುವೆ ಬಿಸಿ ಮಾಡುವ ಕೆಲಸ ತಪ್ಪುತ್ತದೆ, ಲವಣ ಹಿಂದೆಯೇ ಉಳಿಯುತ್ತದೆ. ಆವಿಯನ್ನು ಕೆಲವು ಡಿಗ್ರಿ ಹೆಚ್ಚು ಬಿಸಿಯಾಗಿಡಬೇಕು ಅಷ್ಟೇ, ಪೊರೆಯ ಮೇಲೆ ಹನಿಗಟ್ಟಬಾರದು. ಜಿಯೋಲೈಟ್ ಎ ಸೆರಾಮಿಕ್ ಪೊರೆಗೆ ಹರಿವು ಹೆಚ್ಚು, ಬಿಸಿ ತಾಳಿಕೆಯೂ ಹೆಚ್ಚು, ಬೆಲೆಯೂ ಅಷ್ಟೇ. ಆಮ್ಲ ಕಂಡರೆ ಅದೂ ಅಳುಕುತ್ತದೆ.

ಆರ್ಡರಿನಲ್ಲಿ ಸ್ವೀಕಾರ ಪರೀಕ್ಷೆಯನ್ನು ಹೀಗೆ ಬರೆಸಿಕೊಳ್ಳಿ: ನಿಮ್ಮದೇ ಫೀಡು, ನಿಮ್ಮದೇ ಚಿಲ್ಲರ್, ಸತತ 72 ಗಂಟೆ. ಹೊಸ ಪೊರೆ ಸ್ಥಿರವಾಗಲು ಸಮಯ ಬೇಕು, ಮೊದಲ ದಿನದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉತ್ಪನ್ನದ ನೀರು ಮಾತ್ರ ನೋಡಿದರೆ ಸಾಲದು, ಪರ್ಮಿಯೇಟಿನ ತೂಕ ಮತ್ತು ಅದರಲ್ಲಿರುವ ಆಲ್ಕೋಹಾಲ್ ಎರಡಕ್ಕೂ ಮಿತಿ ಇರಲಿ. ಫೀಡನ್ನು ನಿಧಾನಿಸಿದರೆ ಎಂಥ ಪೊರೆಯೂ ಶೇ. 99.5 ಕೊಡುತ್ತದೆ, ಆದ್ದರಿಂದ ಹರಿವಿನ ಮೀಟರನ್ನು ನೀವೇ ತೂಕದ ತಕ್ಕಡಿಯಿಂದ ತಾಳೆ ನೋಡಿ. ಬಿಡಿಭಾಗದಲ್ಲಿ ಕೊನೆಯ ಹಂತಕ್ಕೆ ಸಾಲುವಷ್ಟು ಹಾಳೆಗಳು ಮತ್ತು ಪೂರ್ತಿ ಒಂದು ಸೆಟ್ ಗ್ಯಾಸ್ಕೆಟ್ ಮೊದಲ ದಿನದಿಂದಲೇ ಉಗ್ರಾಣದಲ್ಲಿರಲಿ, ಹಾಳೆಗಳು ಬಂದ ಪೊಟ್ಟಣದಲ್ಲೇ, ಚಪ್ಪಟೆಯಾಗಿ.